ಅಮೆರಿಕದ ಇತಿಹಾಸ ಕಲಿಸುವ ಪ್ರೊಫೆಸರ್ ಕೆಲಸ ಹೇಗಿರುತ್ತದೆ?

ಬಿಎ ಮುಗಿಸಿ ಅಮೆರಿಕದ ಇತಿಹಾಸದಲ್ಲೇ ಪ್ರೊಫೆಸರ್ ಆಗಬೇಕು, ಆ ಕೆಲಸದಲ್ಲಿ ನಿಜವಾಗಿ ಏನಿರುತ್ತದೆ ಅಂತ ಕೇಳಿದ್ದೀರಿ. ನಾನು ಇತಿಹಾಸದ ಮೇಷ್ಟ್ರು. ಎಂಎ ಓದುವಾಗ ಅಮೆರಿಕದ ಇತಿಹಾಸ ನನಗೂ ಒಂದು ಪೇಪರ್ ಆಗಿತ್ತು.

ಅಮೆರಿಕದಲ್ಲಿ ಪ್ರೊಫೆಸರ್ ಆಗುವ ಮೆಟ್ಟಿಲುಗಳು ಎಲ್ಲರಿಗೂ ಗೊತ್ತಿರುವಂಥವೇ. ಮೊದಲು ಪಿಎಚ್‌ಡಿ, ಆಮೇಲೆ ಅಸಿಸ್ಟೆಂಟ್ ಪ್ರೊಫೆಸರ್, ಆರೇಳು ವರ್ಷಕ್ಕೆ ಟೆನ್ಯೂರ್, ಅಂದರೆ ಕಾಯಂ ಕೆಲಸ. ಅದು ಸಿಗದಿದ್ದರೆ ಬೇರೆ ಕಡೆ ನೋಡಿಕೊಳ್ಳಬೇಕು. ಆದರೆ ಕೆಲಸದ ಜೀವ ಇರುವುದು ಹಳೆಯ ಕಾಗದಗಳಲ್ಲಿ. ಅದಕ್ಕೆ ಅಮೆರಿಕದ ಇತಿಹಾಸಕಾರ ಜಾನ್ ಹೋಪ್ ಫ್ರಾಂಕ್ಲಿನ್ ಅವರ ಬದುಕು ನೋಡಿ.

ಅವರು 1915ರಲ್ಲಿ ಓಕ್ಲಹೋಮದಲ್ಲಿ ಹುಟ್ಟಿದ ಕಪ್ಪು ಜನಾಂಗದವರು. ಹಾರ್ವರ್ಡ್‌ಗೆ ಹೋಗಲು ದುಡ್ಡಿರಲಿಲ್ಲ. ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಅವರಿಗೆ ಪಾಠ ಹೇಳಿದ ಬಿಳಿಯ ಮೇಷ್ಟ್ರು ಥಿಯೋಡರ್ ಕರಿಯರ್ ತಾವೇ 500 ಡಾಲರ್ ಸಾಲ ಮಾಡಿ ಕೊಟ್ಟು ಕಳಿಸಿದರು. ಇದನ್ನು ಓದಿದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

1939ರಲ್ಲಿ ಸಂಶೋಧನೆಗೆಂದು ಉತ್ತರ ಕೆರೊಲಿನಾದ ರಾಲೇ ಊರಿನ ದಾಖಲೆ ಭಂಡಾರಕ್ಕೆ ಹೋದರು. ಕಪ್ಪು ಜನರು ಬಂದು ಕೂರುತ್ತಾರೆ ಅಂತ ಅಲ್ಲಿ ಯಾರೂ ಯೋಚಿಸಿಯೇ ಇರಲಿಲ್ಲ. ಕೆಲವು ದಿನ ಬಿಟ್ಟು ಬನ್ನಿ ಅಂದರು. ಬಂದಾಗ ಬೇರೆಯೇ ಒಂದು ಚಿಕ್ಕ ಕೋಣೆ ಕೊಟ್ಟರು. ಬಿಳಿಯ ಸಿಬ್ಬಂದಿ ಇವರಿಗೆ ಕಡತ ತಂದುಕೊಡಲು ಒಪ್ಪಲಿಕ್ಕಿಲ್ಲ ಅಂತ ಭಂಡಾರದ ಕೀಲಿಯನ್ನೂ ಕೈಗಿಟ್ಟರು. ಎರಡು ವಾರ ಬೇಕಾದ ಕಡತ ತಾವೇ ತೆಗೆದು ಓದಿದರು. ಅಷ್ಟರಲ್ಲಿ ಬಿಳಿಯ ಸಂಶೋಧಕರು ನಮಗೂ ಕೀಲಿ ಕೊಡಿ ಅಂತ ಶುರುಮಾಡಿದರು. ಕೀಲಿ ವಾಪಸ್ ಹೋಯಿತು. ಸಿಬ್ಬಂದಿಯೇ ಇವರಿಗೂ ಕಡತ ತಂದುಕೊಡಬೇಕಾಯಿತು.

ಆ ಓದು ಕ್ಲಾಸಿನಲ್ಲೇ ಉಳಿಯಲಿಲ್ಲ. 1953ರಲ್ಲಿ, ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಲೇ, ನ್ಯೂಯಾರ್ಕಿಗೆ ಓಡಾಡಿ, ಶಾಲೆಗಳಲ್ಲಿನ ಬಣ್ಣಭೇದದ ವಿರುದ್ಧ ಮೊಕದ್ದಮೆ ನಡೆಸುತ್ತಿದ್ದ ಥರ್ಗುಡ್ ಮಾರ್ಷಲ್ ಅವರ ವಕೀಲರ ತಂಡಕ್ಕೆ ಇತಿಹಾಸದ ಆಧಾರ ಹುಡುಕಿಕೊಟ್ಟರು. ಆ ಮೊಕದ್ದಮೆಯಲ್ಲೇ, ಶಾಲೆಗಳಲ್ಲಿ ಬಣ್ಣ ನೋಡಿ ಮಕ್ಕಳನ್ನು ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಅಂತ 1954ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1956ರಲ್ಲಿ ಫ್ರಾಂಕ್ಲಿನ್ ನ್ಯೂಯಾರ್ಕಿನ ಬ್ರೂಕ್ಲಿನ್ ಕಾಲೇಜಿನ ಇತಿಹಾಸ ವಿಭಾಗಕ್ಕೆ ಮುಖ್ಯಸ್ಥರಾದರು. ಅಷ್ಟಾದರೂ ಕಾಲೇಜಿನ ಹತ್ತಿರ ಮನೆ ಕೊಳ್ಳಲು ಬಹಳ ಒದ್ದಾಡಬೇಕಾಯಿತು. ಆಮೇಲೆ ಶಿಕಾಗೊ, ಡ್ಯೂಕ್ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡಿದರು. 2009ರಲ್ಲಿ ತೀರಿಕೊಂಡರು.

ನಿಮಗೆ ಈ ಕೆಲಸ ಒಗ್ಗುತ್ತದಾ? ಸುಮ್ನೆ ಊಹೆ ಮಾಡಬೇಡಿ, ಇವತ್ತೇ ನೋಡಿಬಿಡಿ. ಅಮೆರಿಕದಲ್ಲಿ ಹಿಂದೆ ಗುಲಾಮರಾಗಿ ಬದುಕಿದ್ದವರನ್ನು 1936ರಿಂದ 1938ರವರೆಗೆ ಮಾತಾಡಿಸಿ ಬರೆದುಕೊಂಡ 2,300ಕ್ಕೂ ಜಾಸ್ತಿ ಹೇಳಿಕೆಗಳು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ವೆಬ್‌ಸೈಟಿನಲ್ಲಿ ಉಚಿತವಾಗಿವೆ. ಒಂದನ್ನು ಪೂರ್ತಿ ಓದಿ. ಕೇಳಿದವರು ಯಾರು, ಹೇಳಿದವರು ಯಾವುದನ್ನು ನುಂಗಿಕೊಂಡಿರಬಹುದು ಅಂತ ಎರಡು ಪುಟ ಬರೆಯಿರಿ. ನನಗೆ ಕಳಿಸಿದರೆ ಖಂಡಿತ ಓದುತ್ತೇನೆ.