ಓದುಗರ ಸಿನಿಮಾ ಪ್ರಶ್ನೆ: ಪೋಸ್ಟರ್ ಹೇಳಿದ ಬುದ್ಧಿಮಾತು

ಕಳೆದ ಸಂಚಿಕೆಯಲ್ಲಿ 'ಪ್ಯಾರಿಸ್ ಮ್ಯಾನ್‌ಹಟನ್' ಅಂತ ಒಂದು ಫ್ರೆಂಚ್ ಸಿನಿಮಾದ ಹೆಸರು ಬರೆದಿದ್ದೇ ತಡ, ಡೊಂಬಿವಲಿಯಿಂದ ಮಡಗಾಂವ್‌ವರೆಗೆ ಪ್ರಶ್ನೆಗಳು ಬಂದಿವೆ. ಜಾಗ ಇದ್ದಷ್ಟಕ್ಕೆ ಉತ್ತರ ಇಲ್ಲಿದೆ.

ಮಗಳ ಲ್ಯಾಪ್‌ಟಾಪಿನಲ್ಲಿ ಆ ಸಿನಿಮಾ ನೋಡಿದೆ. ಓದಿದ ಹುಡುಗಿ, ಸ್ವಂತ ಮೆಡಿಕಲ್ ನಡೆಸುತ್ತಾಳೆ, ಮನೆಗೆ ಬಂದು ಗೋಡೆಯ ಪೋಸ್ಟರ್ ಜತೆ ಮಾತಾಡುತ್ತಾಳೆ! ನಮ್ಮವರು 'ಇದೇನು ಹುಚ್ಚು' ಅಂತ ಎದ್ದು ಹೋದರು. ನನಗೆ ಇಷ್ಟವಾಯಿತು. ಆದರೂ ಏನೋ ಕಡಿಮೆ ಅನ್ನಿಸಿತು. ಏನದು? (ಓದುಗಿ, ಡೊಂಬಿವಲಿ)

ಅಕ್ಕಾ, ನಿಮಗೆ ಅನ್ನಿಸಿದ್ದು ಸರಿ. ನಿಮ್ಮವರು ಅರ್ಧಕ್ಕೆ ಎದ್ದು ಹೋಗಿದ್ದು ಮಾತ್ರ ಸ್ವಲ್ಪ ಅವಸರ.

ನೋಡದವರಿಗಾಗಿ ಕಥೆ ಹೇಳಿಬಿಡುತ್ತೇನೆ. 2012ರ ಸಿನಿಮಾ, ನಿರ್ದೇಶಕಿ ಸೋಫಿ ಲೆಲೂಶ್. ನಾಯಕಿ ಆಲಿಸ್‌ಗೆ ಹದಿಹರೆಯದಿಂದಲೂ ಅಮೆರಿಕದ ನಿರ್ದೇಶಕ, ನಟ ವುಡಿ ಅಲೆನ್ ಹುಚ್ಚು. ಕೋಣೆಯಲ್ಲಿ ಅವರ ದೊಡ್ಡ ಪೋಸ್ಟರ್ ಇದೆ. ಇವಳು ಕಷ್ಟ ಹೇಳಿಕೊಳ್ಳುತ್ತಾಳೆ, ಪೋಸ್ಟರ್ ಉತ್ತರ ಕೊಡುತ್ತದೆ. ಆ ಉತ್ತರಗಳೆಲ್ಲ ವುಡಿ ಅಲೆನ್ ಸಿನಿಮಾಗಳಿಂದಲೇ ಎತ್ತಿದ ಮಾತುಗಳು. ಅಂಗಡಿಗೆ ಬಂದ ಗಿರಾಕಿಗಳಿಗೆ ಮಾತ್ರೆ ಜತೆ ಅವರ ಸಿನಿಮಾ ಡಿವಿಡಿಯನ್ನೂ ಕೊಟ್ಟು ಕಳಿಸುತ್ತಾಳೆ. ಮನೆಯವರಿಗೆ ಇವಳ ಮದುವೆಯದೇ ಚಿಂತೆ, ಅದು ಪ್ಯಾರಿಸ್ಸಾದರೂ ಅಷ್ಟೇ, ಮುಲುಂಡ್ ಆದರೂ ಅಷ್ಟೇ. ಆಗ ಅಂಗಡಿಗೆ ಕಳ್ಳರ ಅಲಾರಂ ಹಾಕಲು ವಿಕ್ಟರ್ ಬರುತ್ತಾನೆ. ವುಡಿ ಅಲೆನ್ ಸಿನಿಮಾ ಒಂದನ್ನೂ ನೋಡದವನು.

ಈಗ ಕಡಿಮೆ ಅನ್ನಿಸಿದ್ದಕ್ಕೆ ಬರೋಣ. 'ಲಗೇ ರಹೋ ಮುನ್ನಾಭಾಯಿ' ನೆನಪಿದೆ ಅಲ್ವಾ? ಮುನ್ನಾನಿಗೆ ಗಾಂಧೀಜಿ ಕಾಣಿಸುತ್ತಾರೆ, ಬುದ್ಧಿ ಹೇಳುತ್ತಾರೆ. ಆದರೆ ಮುನ್ನಾನಿಗೆ ಗೊತ್ತಿಲ್ಲದ ಪ್ರಶ್ನೆ ಕೇಳಿದರೆ ಗಾಂಧೀಜಿಗೂ ಉತ್ತರ ಇಲ್ಲ. ಅವನು ಲೈಬ್ರರಿಯಲ್ಲಿ ಓದಿದ್ದಷ್ಟೇ ಅವರಿಗೂ ಗೊತ್ತು. ಆ ಪೆಟ್ಟು ಬಿದ್ದ ಮೇಲೆಯೇ ಕಥೆಗೆ ಬಲ ಬರುವುದು. ಆಲಿಸ್‌ಳ ಪೋಸ್ಟರ್ ಕೂಡ ಹಾಗೆಯೇ, ಅವಳು ಹತ್ತಾರು ಸಲ ಕೇಳಿದ ಮಾತನ್ನೇ ಮತ್ತೆ ಹೇಳುತ್ತದೆ, ಹೊಸದೊಂದನ್ನೂ ಹೇಳಲಾರದು. ಸಿನಿಮಾಕ್ಕೆ ಇದು ಗೊತ್ತು, ಆದರೆ ಅದನ್ನು ಕೆದಕಲು ಮನಸ್ಸಿಲ್ಲ. ಅಷ್ಟು ಪ್ರೀತಿ! ಅಲೆನ್ ಮಾತು ಬಂದಾಗ ನಾವು ನಗುತ್ತೇವೆ. ಉಳಿದವರು ಮಾತಾಡುವಾಗ ನಗು ಕಡಿಮೆ. ಗುರುವಿನ ಜೋಕನ್ನು ತಂದು ತನ್ನ ಜೋಕಿನ ಪಕ್ಕದಲ್ಲಿ ಇಟ್ಟುಕೊಂಡರೆ ಆಗುವುದು ಇದೇ.

ಇನ್ನೂ ಒಂದು ವಿಷಯ ಇದೆ. ಈ ಉಪಾಯವೇ ವುಡಿ ಅಲೆನ್‌ದು. 'ಪ್ಲೇ ಇಟ್ ಅಗೇನ್, ಸ್ಯಾಮ್' ಅಂತ 1969ರಲ್ಲಿ ನಾಟಕ ಬರೆದರು, 1972ರಲ್ಲಿ ಅದು ಸಿನಿಮಾ ಆಯಿತು. ನಿರ್ದೇಶನ ಹರ್ಬರ್ಟ್ ರಾಸ್, ಚಿತ್ರಕಥೆ ಮತ್ತು ನಟನೆ ಅಲೆನ್. ಹೆಂಡತಿ ಬಿಟ್ಟು ಹೋದ ಒಬ್ಬ ಸಿನಿಮಾ ಹುಚ್ಚನಿಗೆ ನಟ ಹಂಫ್ರಿ ಬೋಗಾರ್ಟ್ ಕಾಣಿಸಿಕೊಂಡು, ಹೆಣ್ಣುಮಕ್ಕಳ ಜತೆ ಹೇಗಿರಬೇಕು ಅಂತ ಪಾಠ ಹೇಳುತ್ತಾನೆ. ಕೊನೆಗೆ ಬೋಗಾರ್ಟ್ ಹೊರಡುತ್ತಾನೆ, ನಿನಗೆ ಇನ್ನು ನನ್ನ ಅಗತ್ಯವಿಲ್ಲ ಅಂತ. ಈ ಫ್ರೆಂಚ್ ಸಿನಿಮಾದಲ್ಲಿ ತಿರುಗಾಮುರುಗಾ. ಕೊನೆಯಲ್ಲಿ ವುಡಿ ಅಲೆನ್ ಪೋಸ್ಟರ್ ಬಿಟ್ಟು ಸ್ವತಃ ಬಂದು ನಿಲ್ಲುತ್ತಾರೆ! ಕೆಲವೇ ಕ್ಷಣ, ನಿಜವಾದ ವುಡಿ ಅಲೆನ್. ನೋಡಲು ಖುಷಿ, ಸುಳ್ಳು ಯಾಕೆ ಹೇಳಲಿ. ಆದರೆ ಗುರು ಹೋಗಬೇಕಿದ್ದ ಜಾಗದಲ್ಲಿ ಗುರು ಬಂದರು. ನಿಮಗೆ ಕಡಿಮೆ ಅನ್ನಿಸಿದ್ದು ಅಲ್ಲೇ ಇರಬೇಕು.

ನಮ್ಮ ಬೊಂಬಾಯಿ ಸಿನಿಮಾದಲ್ಲಿ ಇಂಥದ್ದನ್ನು ಯಾರೂ ಮಾಡಿಲ್ಲವೇ? (ಓದುಗರು, ಮಾಟುಂಗ)

ಮಾಡಿದ್ದಾರೆ ಸರ್, ಈ ಫ್ರೆಂಚರಿಗಿಂತ ನಲವತ್ತು ವರ್ಷ ಮೊದಲೇ, ಮತ್ತು ನನ್ನ ಪ್ರಕಾರ ಇವರಿಗಿಂತ ಚೆನ್ನಾಗಿ. ಹೃಷಿಕೇಶ್ ಮುಖರ್ಜಿ ಅವರ 'ಗುಡ್ಡಿ', 1971. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಜಯಾ ಭಾದುರಿ ಅದರಲ್ಲಿ ಶಾಲೆಯ ಹುಡುಗಿ, ಧರ್ಮೇಂದ್ರ ಅಂದರೆ ಪ್ರಾಣ. ಅವಳನ್ನು ಪ್ರೀತಿಸುವ ಹುಡುಗನ ಸೋದರಮಾವ ಉತ್ಪಲ್ ದತ್ ಬೈದು ಪ್ರಯೋಜನವಿಲ್ಲ ಅಂತ ಸೀದಾ ಧರ್ಮೇಂದ್ರನನ್ನೇ ಹಿಡಿಯುತ್ತಾರೆ. ಧರ್ಮೇಂದ್ರ ಧರ್ಮೇಂದ್ರನಾಗಿಯೇ ಬಂದು, ಹುಡುಗಿಗೆ ಸ್ಟುಡಿಯೋ ಒಳಗಿನ ಬಣ್ಣ, ಡ್ಯೂಪು, ಬೆವರು ಎಲ್ಲ ಕಾಣುವಂತೆ ಮಾಡುತ್ತಾನೆ. ಅಲ್ಲಿ ತಾರೆ ಬರುವುದು ಹುಚ್ಚು ಬಿಡಿಸಲಿಕ್ಕೆ. ಪ್ಯಾರಿಸ್ಸಿನಲ್ಲಿ ಬರುವುದು ಹುಚ್ಚಿಗೆ ಬಹುಮಾನವಾಗಿ. ಎರಡನ್ನೂ ಒಂದೇ ಭಾನುವಾರ ನೋಡಿ, ನಂತರ ನನ್ನ ಜತೆ ಜಗಳಕ್ಕೆ ಬನ್ನಿ.

ವುಡಿ ಅಲೆನ್ ಅಮೆರಿಕದವರು. ಫ್ರೆಂಚರಿಗೆ ಯಾಕೆ ಇಷ್ಟು ಪ್ರೀತಿ? (ವಿದ್ಯಾರ್ಥಿನಿ, ಪುಣೆ)

ಫ್ರೆಂಚರಿಗೆ ನಿರ್ದೇಶಕರನ್ನು ಸಾಹಿತಿಗಳ ಹಾಗೆ ನೋಡುವ ಚಟ ಮೊದಲಿನಿಂದಲೂ ಇದೆ. ಹಿಚ್‌ಕಾಕ್ ಬರೀ ಥ್ರಿಲ್ಲರ್ ಮಾಡುವವನು ಅಂತ ಅಮೆರಿಕದವರು ಹೇಳುತ್ತಿದ್ದ ಕಾಲದಲ್ಲಿ, ಫ್ರಾನ್ಸಿನ ನಿರ್ದೇಶಕ ತ್ರೂಫೋ 1962ರಲ್ಲಿ ದಿನಗಟ್ಟಲೆ ಎದುರು ಕೂತು ಸಂದರ್ಶನ ಮಾಡಿ, 1966ರಲ್ಲಿ ಅದನ್ನು ಪುಸ್ತಕ ಮಾಡಿದರು. ಅಲೆನ್ ವಿಷಯದಲ್ಲೂ ಅದೇ ಮನಸ್ಸು. ಅವರೂ ಸುಮ್ಮನಿಲ್ಲ, ಆ ಪ್ರೀತಿ ತೀರಿಸುತ್ತಲೇ ಇದ್ದಾರೆ. 'ಮಿಡ್‌ನೈಟ್ ಇನ್ ಪ್ಯಾರಿಸ್' 2011ರ ಕಾನ್ ಚಿತ್ರೋತ್ಸವದ ಮೊದಲ ಸಿನಿಮಾ. 2023ರ 'ಕೂ ದ ಶಾನ್ಸ್' ಪೂರ್ತಿ ಫ್ರೆಂಚಿನಲ್ಲಿ, ಪ್ಯಾರಿಸ್ಸಿನಲ್ಲೇ ತೆಗೆದದ್ದು.

ನೀವು ಪುಣೆಯಲ್ಲೇ ಇದ್ದೀರಿ, ಲಾ ಕಾಲೇಜ್ ರಸ್ತೆಯ ಫಿಲ್ಮ್ ಆರ್ಕೈವ್ ಕಡೆ ಹೋಗಿ ಬರುತ್ತಿರಿ. ಹಳೆಯ ಸಿನಿಮಾವನ್ನು ದೊಡ್ಡ ಪರದೆಯಲ್ಲಿ ನೋಡುವ ಅವಕಾಶ ಎಲ್ಲ ಊರಿನವರಿಗೂ ಇರುವುದಿಲ್ಲ.

ಅಲೆನ್ ಅವರ 'ಬ್ಲೂ ಜಾಸ್ಮಿನ್' ಮುಂಬಯಿ ಥಿಯೇಟರಿಗೆ ಬರಲೇ ಇಲ್ಲ. ಸೆನ್ಸಾರ್ ಗಲಾಟೆಯೇ? (ಓದುಗರು, ಅಂಧೇರಿ)

ಕತ್ತರಿ ಗಲಾಟೆ ಅಲ್ಲ, ಸಿಗರೇಟಿನದು. 2013ರಲ್ಲಿ ಬಿಡುಗಡೆಗೆ ಎಲ್ಲ ತಯಾರಾಗಿತ್ತು. ನಮ್ಮ ಕಾಯ್ದೆ ಪ್ರಕಾರ ಯಾರಾದರೂ ಸಿಗರೇಟ್ ಸೇದಿದರೆ ಪರದೆಯ ಕೆಳಗೆ ಎಚ್ಚರಿಕೆ ಬರಬೇಕು. ಅಲೆನ್ ಒಪ್ಪಲಿಲ್ಲ, ಸಿನಿಮಾ ಭಾರತದ ಥಿಯೇಟರಿಗೆ ಬರಲಿಲ್ಲ. ಅದೇ ಸಿನಿಮಾಕ್ಕೆ ಕೇಟ್ ಬ್ಲಾಂಚೆಟ್‌ಗೆ ಆಸ್ಕರ್ ಬಂತು. ನನಗೆ ಆ ಎಚ್ಚರಿಕೆಯ ಸಾಲು ಕಿರಿಕಿರಿಯೇ, ಆದರೂ ಎರಡು ಸಾಲು ಅಕ್ಷರಕ್ಕಾಗಿ ಇಡೀ ದೇಶದ ಪ್ರೇಕ್ಷಕರನ್ನು ಬಿಟ್ಟದ್ದು ಜಾಸ್ತಿಯಾಯಿತು.

ಅಲೆನ್ ಮೇಲೆ ದೊಡ್ಡ ಆರೋಪ ಇದೆಯಲ್ಲ. ಅಂಥವರನ್ನು ಹೊಗಳುವ ಸಿನಿಮಾವನ್ನು ನೀವು ಯಾಕೆ ಹೇಳಿದಿರಿ? (ಓದುಗಿ, ಠಾಣೆ)

ಕೇಳಬೇಕಾದ ಪ್ರಶ್ನೆ. ದತ್ತು ಮಗಳು ಚಿಕ್ಕವಳಿದ್ದಾಗ, 1992ರಲ್ಲಿ, ಲೈಂಗಿಕ ದೌರ್ಜನ್ಯದ ಆರೋಪ ಬಂತು. ತನಿಖೆಯಾಯಿತು, ಮೊಕದ್ದಮೆ ಹೂಡಲಿಲ್ಲ. ಅಲೆನ್ ಯಾವಾಗಲೂ ಅಲ್ಲಗಳೆದಿದ್ದಾರೆ. ಮಗಳು ದೊಡ್ಡವಳಾಗಿ 2014ರಲ್ಲಿ ಬಹಿರಂಗ ಪತ್ರ ಬರೆದು ಮತ್ತೆ ಅದೇ ಮಾತು ಹೇಳಿದರು. ಈ ಸಿನಿಮಾ ಆ ಪತ್ರಕ್ಕಿಂತ ಮುಂಚಿನದು, ಅದಕ್ಕೇ ಇಷ್ಟು ನಿಶ್ಚಿಂತೆಯಾಗಿದೆ. ಇವತ್ತು ನೋಡುವಾಗ ಆ ಪೋಸ್ಟರ್ ಎದುರು ನನಗೂ ಒಂದೆರಡು ಸಲ ಇರುಸುಮುರುಸಾಯಿತು. ನೋಡುವುದಿಲ್ಲ ಅಂದರೆ ನಿಮ್ಮ ಜತೆ ವಾದ ಮಾಡುವುದಿಲ್ಲ.

ಕನ್ನಡದಲ್ಲಿ ಹೀಗೊಂದು ಸಿನಿಮಾ ಮಾಡಿದರೆ ಪೋಸ್ಟರ್ ಯಾರದ್ದು? (ಓದುಗರು, ಮಡಗಾಂವ್)

ಬೇರೆ ಯಾರದ್ದು ಮಾರಾಯ್ರೇ, ಶಂಕರ್ ನಾಗ್‌ರದ್ದೇ! ಹೊನ್ನಾವರದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಮರಾಠಿ ನಾಟಕ ಮಾಡಿಕೊಂಡಿದ್ದು, ಆಮೇಲೆ 'ಒಂದಾನೊಂದು ಕಾಲದಲ್ಲಿ' ಸಿನಿಮಾಕ್ಕೆ ಹೋದವರು. ಬೆಂಗಳೂರಿನ ಆಟೋಗಳ ಹಿಂದೆ ಈಗಲೂ ಅವರೇ. ಘಾಟ್ಕೋಪರಿನ ಮೆಡಿಕಲ್ ಅಂಗಡಿಯ ಕನ್ನಡದ ಹುಡುಗಿ, ಗೋಡೆಯಲ್ಲಿ ಶಂಕರಣ್ಣ, ಕೌಂಟರಿನ ಆಚೆ ಅವರ ಹೆಸರೇ ಕೇಳದ ಒಬ್ಬ ಮರಾಠಿ ಹುಡುಗ. ಆದರೆ ಒಂದು ಷರತ್ತು. ಪೋಸ್ಟರ್ ಹಳೆಯ ಡೈಲಾಗ್ ಹೇಳಬಾರದು, ಹುಡುಗಿಗೆ ಅವಳದೇ ಡೈಲಾಗ್ ಬರೆಯಿರಿ. ಬರೆದರೆ ನನಗೂ ಒಂದು ಪ್ರತಿ ಕಳಿಸಿ.

ಮಕ್ಕಳ ಜತೆ ನೋಡಬಹುದಾ? ತುಂಬಾ ಉದ್ದವೇ? (ಓದುಗಿ, ಬೋರಿವಲಿ)

ಕಾಲೇಜಿಗೆ ಹೋಗುವ ಮಕ್ಕಳಾದರೆ ಧಾರಾಳವಾಗಿ ನೋಡಿ. ಚಿಕ್ಕವರಿಗೆ ಸಬ್‌ಟೈಟಲ್ ಓದುವುದರಲ್ಲೇ ಬೇಜಾರಾದೀತು. ಉದ್ದ ಸುಮಾರು 80 ನಿಮಿಷ, ಚರ್ಚ್‌ಗೇಟಿನಿಂದ ವಿರಾರ್ ಸ್ಲೋ ಲೋಕಲ್ ರೈಲು ಹತ್ತಿದರೆ ಇಳಿಯುವ ಮೊದಲೇ ಮುಗಿದಿರುತ್ತದೆ.