ಗಾಲಿ ಮಾತು: ಶಾಕ್ ಅಬ್ಸಾರ್ಬರ್ ಬದಲಿಸುವುದು ಯಾವಾಗ?

ಪ್ರಶ್ನೆ: ನನ್ನ ಬಳಿ 2004ರ ಪೋರ್ಷೆ ಬಾಕ್ಸ್‌ಟರ್ ಇದೆ. ಮುಂಬೈಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಓಡಿರುವುದು 62,000 ಕಿ.ಮೀ. ಮಾತ್ರ. ನಾಲ್ಕೂ ಶಾಕ್ ಅಬ್ಸಾರ್ಬರ್ ಕಾರ್ಖಾನೆಯಿಂದ ಬಂದಾಗಿನವೇ, ಎಣ್ಣೆ ಸೋರಿಲ್ಲ. ಒಬ್ಬ ಮಿಸ್ತ್ರಿ ಕಾರಿನ ಮೂಲೆ ಅದುಮಿ ಬಿಟ್ಟು, ಎಷ್ಟು ಕುಣಿಯುತ್ತದೆಂದು ನೋಡಿ ‘ಗಟ್ಟಿಯಾಗಿವೆ, ಮುಟ್ಟಬೇಡಿ’ ಎಂದರು. ಇನ್ನೊಬ್ಬರು ‘ಇಪ್ಪತ್ತು ವರ್ಷ ಮೀರಿತು, ನಾಲ್ಕನ್ನೂ ತೆಗೆಯಿರಿ’ ಎನ್ನುತ್ತಾರೆ. ಸಣ್ಣ ಗುಂಡಿಗೂ ಮುಂದಿನಿಂದ ಕಟಕಟ ಸದ್ದು ಬರುತ್ತದೆ. ಯಾರ ಮಾತು ಕೇಳಲಿ?
– ಓದುಗರೊಬ್ಬರು, ಸಪ್ತಾಪುರ, ಧಾರವಾಡ

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ಮೊದಲನೆಯವರು ಮಾಡಿದ್ದು ಅಂಬಾಸಡರ್ ಕಾಲದ ಪರೀಕ್ಷೆ. ಮೆತ್ತನೆಯ ಸ್ಪ್ರಿಂಗಿನ ಕಾರಿನಲ್ಲಿ ಅದು ಒಂದಿಷ್ಟು ಹೇಳುತ್ತಿತ್ತು. ನಿಮ್ಮ ಕಾರಿನ ಸ್ಪ್ರಿಂಗ್ ಬಿಗಿಯಾದದ್ದು, ಮನುಷ್ಯನ ಕೈಭಾರಕ್ಕೆ ಹೆಚ್ಚು ಬಗ್ಗುವುದಿಲ್ಲ. ಬಗ್ಗಿದಷ್ಟನ್ನೂ ಕೀಲುಗಳಲ್ಲಿನ ಬುಷ್‌ಗಳ ರಬ್ಬರೇ ತಡೆದು ನಿಲ್ಲಿಸಿಬಿಡುತ್ತದೆ. ಆ ಪರೀಕ್ಷೆಯಲ್ಲಿ ಫೇಲಾದ ಶಾಕರ್ ಸತ್ತಿದೆ ಎಂಬುದು ಖಚಿತ. ಪಾಸಾದದ್ದು ಬದುಕಿದೆ ಎನ್ನಲಾಗದು.

ಎರಡನೆಯವರ ಲೆಕ್ಕ ಕ್ಯಾಲೆಂಡರಿನದು. ಅದರಲ್ಲಿ ಅರ್ಧ ನ್ಯಾಯವಿದೆ, ಕಾರು ಶೆಡ್ಡಿನಲ್ಲಿ ನಿಂತಿದ್ದರೂ ಸೀಲಿನ ರಬ್ಬರು ಗಡುಸಾಗುತ್ತದೆ. ಆದರೆ ವಯಸ್ಸು ಪರೀಕ್ಷೆ ಮಾಡಿಸಲು ಕಾರಣ, ಬದಲಿಸಲು ಅದೊಂದೇ ಸಾಲದು. ಎಲ್ಲರೂ ಹೇಳುವ 80,000 ಕಿ.ಮೀ. ಲೆಕ್ಕವೂ ಹಾಗೆಯೇ. ಆ ಕಿಲೋಮೀಟರುಗಳು ಯಾವ ರಸ್ತೆಯ ಮೇಲೆ ಓಡಿದವು ಎಂದು ಮೀಟರು ಬರೆದಿಡುವುದಿಲ್ಲ.

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಅದು ಒಮ್ಮೆ ಕುಣಿದರೆ ತಾನಾಗಿ ನಿಲ್ಲುವುದಿಲ್ಲ. ಶಾಕರ್ ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ತಳ್ಳುತ್ತದೆ, ಕುಣಿತವೆಲ್ಲ ಶಾಖವಾಗಿ ಹೊರಗೆ ಹೋಗುತ್ತದೆ. ಕುಣಿತ ತಡೆಯುವ ಈ ಶಕ್ತಿ ಒಂದೇ ದಿನ ಕೈಕೊಡುವುದು ಅಪರೂಪ. ಅದು ಕುಂದಿದಂತೆಲ್ಲ ಓಡಿಸುವವರೂ ಅರಿವಿಲ್ಲದೆ ಹೊಂದಿಕೊಂಡಿರುತ್ತಾರೆ: ತಿರುವಿನಲ್ಲಿ ವೇಗ ತುಸು ಇಳಿಸುತ್ತಾರೆ, ಬ್ರೇಕನ್ನು ತುಸು ಮುಂಚೆಯೇ ಒತ್ತುತ್ತಾರೆ. ಆದ್ದರಿಂದ ಮುಂದೆ ಹೇಳುವ ಪರೀಕ್ಷೆಗೆ ನಿಮ್ಮ ಕಾರನ್ನು ಎಂದೂ ಓಡಿಸದ, ಕೈ ಪಳಗಿದ ಗೆಳೆಯರೊಬ್ಬರನ್ನು ಕೂರಿಸಿ. ಮಾಲೀಕನ ತೀರ್ಪನ್ನು ನಾನು ಕೊನೆಗೆ ಕೇಳುತ್ತೇನೆ.

ಪರೀಕ್ಷೆಯ ಅಂಗಳ ನಮ್ಮ ಮನೆಬಾಗಿಲಲ್ಲೇ ಇದೆ. ಹುಬ್ಬಳ್ಳಿಯಿಂದ ನವಲಗುಂದದ ಕಡೆಗೆ ಹೊರಡಿ. ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಇಂಥ ನೆಲದ ಮೇಲಿನ ಡಾಂಬರು ಗುಂಡಿ ಬೀಳದಿದ್ದರೂ ಉದ್ದುದ್ದ ಅಲೆಯಾಗಿ ಏಳುತ್ತದೆ. ಗುತ್ತಿಗೆದಾರರನ್ನು ಬೈಯುವವರು ಬೈಯಲಿ, ಶಾಕರ್ ನೋಡಲು ಇದಕ್ಕಿಂತ ಒಳ್ಳೆಯ ರಸ್ತೆ ಸಿಗದು. ದಾರಿ ಖಾಲಿ ಇರುವಾಗ 60–70 ಕಿ.ಮೀ. ವೇಗದಲ್ಲಿ ಅಲೆ ದಾಟಿ. ಕಾರು ಎದ್ದು, ಇಳಿದು, ಅಲ್ಲಿಗೇ ನಿಲ್ಲಬೇಕು. ಇಳಿದ ಮೇಲೆ ಮತ್ತೊಮ್ಮೆ ಎದ್ದರೆ, ಹೊಟ್ಟೆಯಲ್ಲಿ ತೇಲಿದಂತಾದರೆ, ಶಾಕರ್ ಸೋತಿದೆ.

ಬಾಕ್ಸ್‌ಟರಿನಲ್ಲಿ ಹಿಂಬದಿಯನ್ನು ವಿಶೇಷವಾಗಿ ಗಮನಿಸಿ. ಎಂಜಿನ್ ಇರುವುದು ಸೀಟಿನ ಹಿಂದೆ, ಹಿಂದಿನ ಆಕ್ಸಲಿನ ಮುಂದೆ. ಹಾಗಾಗಿ ಹಿಂದಿನ ಗಾಲಿಗಳ ಮೇಲೆ ಭಾರ ಜಾಸ್ತಿ. ಅಲ್ಲಿನ ಶಾಕರ್ ಸೋತಿದ್ದರೆ ತಿರುವಿನ ನಡುವೆ ಉಬ್ಬು ಸಿಕ್ಕಾಗ ಹಿಂಭಾಗ ಪಕ್ಕಕ್ಕೆ ಸರಿದಂತಾಗುತ್ತದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಇದು ಮೊದಲ ಬಾರಿ ಗೊತ್ತಾಗುವುದು ಬೇಡ, ಮನೆಯ ಹತ್ತಿರವೇ ಗೊತ್ತಾಗಲಿ.

ಇನ್ನೊಂದು ಪರೀಕ್ಷೆ ಮೊಬೈಲಿನದು. ತೇಪೆ ಹಾಕಿದ ಖಾಲಿ ರಸ್ತೆಯಲ್ಲಿ ಗೆಳೆಯರು ಕಾರು ಓಡಿಸಲಿ, ನೀವು ಪಕ್ಕದಲ್ಲಿ ನಿಂತು ಹಿಂದಿನ ಗಾಲಿಯ ನಿಧಾನಗತಿಯ ವಿಡಿಯೊ ತೆಗೆಯಿರಿ. ತೇಪೆ ದಾಟಿದ ಗಾಲಿ ನೆಲಕ್ಕೆ ಅಂಟಿಕೊಂಡಿದೆಯೇ, ಪಟಪಟ ಕುಣಿಯುತ್ತಿದೆಯೇ ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕುಣಿಯುವ ಗಾಲಿಗೆ ಬ್ರೇಕ್ ಹಿಡಿಯಲು ನೆಲವೇ ಸಿಗುವುದಿಲ್ಲ. ಮನೆಗೆ ಬಂದು ಟೈರಿನ ಮೇಲೆ ಅಂಗೈ ಸವರಿ. ಸುತ್ತಲೂ ತಗ್ಗು–ದಿನ್ನೆ ಸಿಕ್ಕರೆ ಆ ಕುಣಿತ ಬಹಳ ದಿನಗಳದ್ದು.

ಟೈರಿನ ಮಾತು ಬಂದಾಗ, ಅದರ ಬದಿಯಲ್ಲಿ ಅಚ್ಚಾದ ತಯಾರಿಕೆಯ ನಾಲ್ಕು ಅಂಕಿಗಳನ್ನೂ ಓದಿ. 1816 ಎಂದಿದ್ದರೆ 2016ರ ಹದಿನೆಂಟನೆಯ ವಾರ ತಯಾರಾದದ್ದು ಎಂದರ್ಥ. ಕಡಿಮೆ ಓಡಿದ ಹಳೆಯ ಕಾರುಗಳ ಟೈರಿನಲ್ಲಿ ಹಲ್ಲು ಚೆನ್ನಾಗಿರುತ್ತದೆ, ರಬ್ಬರು ಮಾತ್ರ ಕಲ್ಲಾಗಿರುತ್ತದೆ. ಆ ಒರಟುತನದ ದೂರನ್ನು ಜನ ಶಾಕರ್ ಮೇಲೆ ಹೊರಿಸುತ್ತಾರೆ. ನಿಮ್ಮವೂ ಹಳೆಯವಾಗಿದ್ದರೆ ಟೈರು ಮೊದಲು, ಶಾಕರ್ ತೀರ್ಮಾನ ಆಮೇಲೆ.

ಇನ್ನು ಕಟಕಟ ಸದ್ದು. ಸೋತ ಶಾಕರ್ ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ, ಸುಮ್ಮನೆ ಕೆಲಸ ಬಿಡುತ್ತದೆ. ಸಣ್ಣ ಗುಂಡಿಯ ಸದ್ದಿಗೆ ಮೊದಲ ಆರೋಪಿ ಆ್ಯಂಟಿ ರೋಲ್ ಬಾರಿನ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳು) ಲಿಂಕ್, ಎರಡನೆಯದು ಸ್ಟ್ರಟ್ (ಸ್ಪ್ರಿಂಗ್, ಶಾಕರ್ ಕೂಡಿದ ಜೋಡಣೆ) ಮೇಲಿನ ಮೌಂಟ್, ಮೂರನೆಯದು ಗಾಲಿಯನ್ನು ಕಾರಿನ ಒಡಲಿಗೆ ಜೋಡಿಸುವ ಕೆಳಗಿನ ಆರ್ಮಿನ ಬುಷ್. ಒಬ್ಬರು ಸ್ಟೀರಿಂಗ್ ತಿರುಗಿಸುವಾಗ ಇನ್ನೊಬ್ಬರು ಮುಂದಿನ ಸ್ಪ್ರಿಂಗ್ ಮೇಲೆ ಬೆರಳಿಡಲಿ. ಅದು ಸರಾಗವಾಗಿ ತಿರುಗದೆ ತಡೆದು ಜಿಗಿದರೆ ಮೌಂಟಿನ ಬೇರಿಂಗ್ ಹೋಗಿದೆ. ಲಿಂಕ್ ಅಗ್ಗದ ವಸ್ತು, ಅದನ್ನು ಈಗಲೇ ಬದಲಿಸಿ.

ನವಲಗುಂದದ ರಸ್ತೆಯಲ್ಲಿ ಕಾರು ಎರಡನೆಯ ಬಾರಿ ಎದ್ದರೆ, ನಾಲ್ಕನ್ನೂ ಬದಲಿಸಿ, ಚೌಕಾಸಿ ಬೇಡ. ಜೊತೆಗೆ ಮೌಂಟ್, ಬಂಪ್ ಸ್ಟಾಪ್ (ಶಾಕರ್ ಪೂರ್ತಿ ಕುಸಿಯದಂತೆ ತಡೆಯುವ ಮೆತ್ತೆ), ಧೂಳು ತಡೆಯುವ ಬೂಟು ಹೊಸದಾಗಲಿ. ಇವಕ್ಕಾಗಿ ಮತ್ತೆ ಬಿಚ್ಚಿಸಿದರೆ ಅದೇ ಕೂಲಿ ಮತ್ತೆ ಕೊಡಬೇಕು. ಬಿಲ್‌ಸ್ಟೈನ್ ಕಂಪನಿಯ ಶಾಕರ್ ತರಿಸುವುದಾದರೆ ನಿಮ್ಮ ಮೂಲ ಸ್ಪ್ರಿಂಗಿಗೆ ಬಿ6 ಹೊಂದುತ್ತದೆ. ಬಿ8 ಇರುವುದು ಕಾರನ್ನು ತಗ್ಗಿಸುವ ಗಿಡ್ಡ ಸ್ಪ್ರಿಂಗಿಗಾಗಿ. ನಮ್ಮ ಹಂಪುಗಳ ಎತ್ತರ ನೋಡಿದ ಮೇಲೂ ತಗ್ಗಿಸುವ ಆಸೆ ನಿಮಗಿದ್ದರೆ ಆ ಸಲಹೆ ನನ್ನಿಂದ ಕೇಳಬೇಡಿ. ಜೋಡಿಸುವಾಗ ಎದುರಿಗೆ ನಿಂತುಕೊಳ್ಳಿ: ಹೊಳೆಯುವ ರಾಡನ್ನು ಪ್ಲೈಯರಿನಿಂದ ಹಿಡಿಯಲು ಬಿಡಬೇಡಿ, ಅಲ್ಲಿ ಬಿದ್ದ ಗೀರು ಸೀಲನ್ನು ಹರಿಯುತ್ತದೆ. ಬುಷ್ ಇರುವ ಬೋಲ್ಟುಗಳನ್ನು ಕಾರಿನ ಭಾರ ಗಾಲಿಯ ಮೇಲೆ ಕೂತ ಬಳಿಕವೇ ಪೂರ್ತಿ ಬಿಗಿಯಬೇಕು. ಜಾಕಿನ ಮೇಲೆ ತೂಗುವಾಗಲೇ ಬಿಗಿದರೆ ಬುಷ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಕೊನೆಗೆ ವೀಲ್ ಅಲೈನ್‌ಮೆಂಟ್.

ಪ್ರಶ್ನೆ: ನನ್ನ ಹಳೆಯ ಫಿಯಟ್ ಪಾಲಿಯೊ 1.6ಗೆ ಹೊಸ ಶಾಕರ್ ಸಿಗುವುದು ಕಷ್ಟವಾಗಿದೆ. ಇಲ್ಲೊಬ್ಬರು ಹಳೆಯದಕ್ಕೇ ಎಣ್ಣೆ ತುಂಬಿಕೊಡುತ್ತೇನೆ ಎನ್ನುತ್ತಾರೆ. ಮಾಡಿಸಬಹುದೇ?
– ಓದುಗರೊಬ್ಬರು, ಗದಗ

ಉತ್ತರ: ಹೇಗೆ ತುಂಬುತ್ತಾರೆ ಎಂದು ಕೇಳಿ. ಕೊಳವೆಗೆ ರಂಧ್ರ ಕೊರೆದು, ಎಣ್ಣೆ ಸುರಿದು, ವೆಲ್ಡಿಂಗ್ ಹಾಕುವುದಾದರೆ ಬೇಡ. ಸವೆದದ್ದು ಸೀಲು, ವಾಲ್ವು. ಅವೆರಡೂ ಹಳೆಯವೇ ಉಳಿಯುತ್ತವೆ. ಗ್ಯಾಸ್ ತುಂಬಿದ ಶಾಕರ್ ಆಗಿದ್ದರೆ ಕೊರೆಯುವುದು ಅಪಾಯವೂ ಹೌದು. ಬಿಚ್ಚಿ ಸೀಲು ಬದಲಿಸಿ, ಸರಿಯಾದ ಎಣ್ಣೆಯನ್ನು ಅಳೆದು ಹಾಕುವವರು ಸಿಕ್ಕರೆ ಮಾಡಿಸಿ. ಕೈಗೆ ಬಂದ ಮೇಲೆ ನೆಟ್ಟಗೆ ನಿಲ್ಲಿಸಿ ರಾಡನ್ನು ಪೂರ್ತಿ ಎಳೆದು ಒತ್ತಿ ನೋಡಿ. ವಾಷರ್ ಹೋದ ಸೈಕಲ್ ಪಂಪಿನಂತೆ ನಡುವೆ ಎಲ್ಲಾದರೂ ಸಡಿಲವಾಗಿ ಜಾರಿದರೆ ಹಣ ಕೊಡಬೇಡಿ.

ಪ್ರಶ್ನೆ: ಮುಂದಿನ ಎಡ ಶಾಕರ್ ಮಾತ್ರ ಒದ್ದೆಯಾಗಿದೆ. ಒಂದನ್ನೇ ಬದಲಿಸಲೇ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಮೊದಲು ಒರೆಸಿ, ಒಂದು ವಾರ ಓಡಿಸಿ. ಸೀಲಿನ ಬಳಿ ತೆಳುವಾದ ತೇವ ಮಾತ್ರ ಕಂಡರೆ ಅದು ಬೆವರು, ಚಿಂತೆಯಿಲ್ಲ. ಕೆಳಗಿನವರೆಗೆ ಇಳಿದು ಧೂಳು ಕೆಸರಾಗಿ ಮೆತ್ತಿಕೊಂಡಿದ್ದರೆ ಸೋರಿಕೆ. ಆಗ ಮುಂದಿನ ಎರಡನ್ನೂ ಬದಲಿಸಿ. ಒಂದು ಬಿಗಿ, ಒಂದು ಸಡಿಲ ಇದ್ದರೆ ಬ್ರೇಕ್ ಒತ್ತಿದಾಗ ಕಾರು ನೇರ ನಿಲ್ಲದು. ಹಿಂದಿನವು ಚೆನ್ನಾಗಿದ್ದರೆ ಅವು ಇರಲಿ.