ಸಂಶೋಧನೆಗೆ ಅಂಕ ಕೊಡುವವರು ಯಾರು?

ಪ್ರಶ್ನೆ: ಕೆಲವು ದೇಶಗಳಲ್ಲಿ ಎಲ್ಲ ವಿಶ್ವವಿದ್ಯಾಲಯಗಳ ಸಂಶೋಧನೆಯನ್ನೂ ಕೆಲವು ವರ್ಷಗಳಿಗೊಮ್ಮೆ ರಾಷ್ಟ್ರಮಟ್ಟದಲ್ಲಿ ಮೌಲ್ಯಮಾಪನ ಮಾಡುತ್ತಾರೆಂದು ಓದಿದೆ. ಯಾವ ಲೇಖನವನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂಬುದು ಕಂಪ್ಯೂಟರಿನಲ್ಲೇ ಸಿಗುವಾಗ ಇಷ್ಟು ದೊಡ್ಡ ಏರ್ಪಾಡು ಏಕೆ? (ಒಬ್ಬ ಸಂಶೋಧನಾ ವಿದ್ಯಾರ್ಥಿನಿ)

ಉತ್ತರ: ಈ ಪದ್ಧತಿಯನ್ನು ವ್ಯವಸ್ಥಿತವಾಗಿ ಆರಂಭಿಸಿದ ಮೊದಲಿಗರಲ್ಲಿ ಬ್ರಿಟನ್ ಒಂದು, ಸಂಶೋಧನೆಗೆ ಮೀಸಲಾದ ಸಾರ್ವಜನಿಕ ಹಣವನ್ನು ಯಾರಿಗೆ ಎಷ್ಟು ಹಂಚಬೇಕೆಂದು ನಿರ್ಧರಿಸಲು ಅಲ್ಲಿ 1986ರಲ್ಲಿ ಮೊದಲ ಸುತ್ತು ನಡೆಯಿತು. 'ರಿಸರ್ಚ್ ಎಕ್ಸಲೆನ್ಸ್ ಫ್ರೇಮ್‌ವರ್ಕ್' ಎಂಬ ಹೆಸರಿನಲ್ಲಿ 2021ರಲ್ಲಿ ನಡೆದ ಸುತ್ತಿಗೆ 157 ಸಂಸ್ಥೆಗಳು 1,85,594 ಲೇಖನ, ಪುಸ್ತಕ ಮುಂತಾದ ಕೃತಿಗಳನ್ನು ಒಪ್ಪಿಸಿದವು. ಅವನ್ನು 34 ವಿಷಯಗಳ ತಜ್ಞ ಮಂಡಲಿಗಳು ಪರಿಶೀಲಿಸಿ ನಕ್ಷತ್ರಗಳ ಲೆಕ್ಕದಲ್ಲಿ ದರ್ಜೆ ಕೊಟ್ಟವು. ಒಟ್ಟು ಫಲಿತಾಂಶದಲ್ಲಿ ಇಂಥ ಕೃತಿಗಳಿಗೆ ಶೇ 60, ಸಂಶೋಧನೆಯಿಂದ ಸಮಾಜಕ್ಕೆ ಆದ ಪ್ರಯೋಜನಕ್ಕೆ ಶೇ 25, ಸಂಶೋಧನೆಗೆ ಪೂರಕವಾದ ವಾತಾವರಣಕ್ಕೆ ಶೇ 15ರಷ್ಟು ತೂಕವಿತ್ತು.

ಇದರಲ್ಲಿ ನನಗೆ ಬಹಳ ಮುಖ್ಯವೆನಿಸುವ ಅಂಶವೊಂದಿದೆ. ಸಂಸ್ಥೆಯು ತಾನು ಪ್ರಕಟಿಸಿದ್ದನ್ನೆಲ್ಲ ಕಳುಹಿಸುವಂತಿರಲಿಲ್ಲ. ಪೂರ್ಣಾವಧಿ ಸಂಶೋಧಕರೊಬ್ಬರಿಗೆ ಸರಾಸರಿ ಎರಡೂವರೆ ಕೃತಿಗಳಂತೆ ಆಯ್ದು ಕಳುಹಿಸಬೇಕಿತ್ತು. ಹಾಗಾಗಿ ಹತ್ತಾರು ಸಾಧಾರಣ ಲೇಖನಗಳನ್ನು ರಾಶಿ ಹಾಕುವುದರಿಂದ ಲಾಭವಿರಲಿಲ್ಲ.

ಇನ್ನು ಉಲ್ಲೇಖಗಳ ವಿಚಾರ. ಉಲ್ಲೇಖಗಳ ಸಂಖ್ಯೆಯು ಲೇಖನವು ಎಷ್ಟು ಕಡೆ ಬಳಕೆಯಾಯಿತೆಂದು ಹೇಳೀತೇ ಹೊರತು ಅದು ಸರಿಯೇ, ಹೊಸತೇ ಎಂಬುದನ್ನಲ್ಲ. ವೈದ್ಯವಿಜ್ಞಾನದ ಲೇಖನಕ್ಕೆ ಬೇಗನೆ ನೂರಾರು ಉಲ್ಲೇಖಗಳು ಬರಬಹುದು. ಗಣಿತದ ಉತ್ತಮ ಪ್ರಮೇಯವೊಂದು ಹತ್ತು ವರ್ಷ ಯಾರ ಕಣ್ಣಿಗೂ ಬೀಳದಿರಬಹುದು. ತಪ್ಪು ಲೇಖನವನ್ನು ಖಂಡಿಸಲು ಉಲ್ಲೇಖಿಸಿದರೂ ಅದರ ಲೆಕ್ಕ ಏರುತ್ತದೆ. ಇತಿಹಾಸ, ಸಾಹಿತ್ಯಗಳ ಪುಸ್ತಕಗಳಂತೂ, ಅದರಲ್ಲೂ ಇಂಗ್ಲಿಷೇತರ ಭಾಷೆಗಳಲ್ಲಿ ಬರೆದವು, ಉಲ್ಲೇಖಗಳ ದತ್ತಾಂಶಕೋಶಗಳಲ್ಲಿ ಸೇರುವುದೇ ಕಡಿಮೆ. ಬ್ರಿಟನ್ನಿನ ಸ್ವತಂತ್ರ ಸಮಿತಿಯೊಂದು 2014ರ ಸುತ್ತಿನ ಅಂಕಗಳನ್ನು ಇಂಥ ಮಾನಕಗಳೊಂದಿಗೆ ಹೋಲಿಸಿ, ತಜ್ಞರ ಓದಿನ ಜಾಗದಲ್ಲಿ ಸಂಖ್ಯೆಗಳನ್ನು ಕೂರಿಸಲಾಗದೆಂದು 2015ರಲ್ಲಿ ವರದಿ ಕೊಟ್ಟಿತು. ಓದುವುದಕ್ಕೆ ಸಮಯವೂ ಹಣವೂ ಬೇಕು ಎಂಬುದು ನಿಜ. ಆ ವೆಚ್ಚ ಸಾರ್ಥಕವೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಲೇಖನ ಪ್ರಕಟವಾದ ನಿಯತಕಾಲಿಕದ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿದರೆ ಸಾಲದೇ?

ಉತ್ತರ: ಸಾಲದು. ಅದು ಇಡೀ ನಿಯತಕಾಲಿಕದ ಲೇಖನಗಳಿಗೆ ಬಂದ ಉಲ್ಲೇಖಗಳ ಸರಾಸರಿ. ಉಲ್ಲೇಖಗಳಲ್ಲಿ ಬಹುಪಾಲು ಬೆರಳೆಣಿಕೆಯ ಲೇಖನಗಳಿಗೇ ಸಲ್ಲುವುದರಿಂದ ಉಳಿದವುಗಳ ಬಗ್ಗೆ ಸರಾಸರಿ ಏನನ್ನೂ ತಿಳಿಸದು. ಆಸ್ಟ್ರೇಲಿಯಾ 2010ರ ಮೌಲ್ಯಮಾಪನಕ್ಕಾಗಿ ನಿಯತಕಾಲಿಕಗಳನ್ನೇ ನಾಲ್ಕು ದರ್ಜೆಗಳಾಗಿ ವಿಂಗಡಿಸಿತ್ತು. ಮೇಲಿನ ದರ್ಜೆಯಲ್ಲೇ ಪ್ರಕಟಿಸಬೇಕೆಂಬ ಗುರಿಗಳನ್ನು ಸಂಶೋಧಕರ ಮೇಲೆ ಹೇರಲಾಗುತ್ತಿದೆಯೆಂದು ಕಂಡುಬಂದು, ಮರುವರ್ಷವೇ ಆ ದರ್ಜೆಗಳನ್ನು ಕೈಬಿಟ್ಟಿತು.

ಪ್ರಶ್ನೆ: ಆರು ವರ್ಷಗಳಿಂದ ಒಂದೇ ಪುಸ್ತಕದ ಮೇಲೆ ಕೆಲಸ ಮಾಡುತ್ತಿದ್ದೇನೆ. ಇಂಥ ಮೌಲ್ಯಮಾಪನಗಳು ನಮ್ಮಂಥವರನ್ನು ಹಿಂದಕ್ಕೆ ತಳ್ಳುವುದಿಲ್ಲವೇ? (ಒಬ್ಬ ಅಧ್ಯಾಪಕರು)

ಉತ್ತರ: ತಮ್ಮ ಆತಂಕ ನ್ಯಾಯವಾದದ್ದೇ. ಅಳತೆಗೋಲು ಹೇಗಿರುತ್ತದೆಯೋ ಕೆಲಸವೂ ಅದರಂತೆಯೇ ಬಾಗುತ್ತದೆ. ಇಟಲಿಯಲ್ಲಿ 2010ರ ಸುಧಾರಣೆಯ ನಂತರ ಪ್ರಾಧ್ಯಾಪಕರ ಅರ್ಹತೆಗೆ ಹಲವು ವಿಷಯಗಳಲ್ಲಿ ಉಲ್ಲೇಖಗಳನ್ನು ಗಣನೆಗೆ ತೆಗೆದುಕೊಳ್ಳತೊಡಗಿದ ಮೇಲೆ, ಅಲ್ಲಿನ ಸಂಶೋಧಕರು ತಮ್ಮನ್ನೂ ತಮ್ಮ ದೇಶದವರನ್ನೂ ಉಲ್ಲೇಖಿಸಿಕೊಳ್ಳುವುದು ಗಮನಾರ್ಹವಾಗಿ ಏರಿತು. ಇದನ್ನು ವ್ಯಕ್ತಿಗಳ ಕೆಟ್ಟತನವೆಂದು ನಾನು ಭಾವಿಸುವುದಿಲ್ಲ. ಜೀವನೋಪಾಯವೇ ಒಂದು ಸಂಖ್ಯೆಗೆ ಅಂಟಿಕೊಂಡಾಗ ಯಾರಾದರೂ ಅದನ್ನು ಬೆಳೆಸಲು ಯತ್ನಿಸುತ್ತಾರೆ.

ಆದರೆ ನಿಯಮಗಳನ್ನು ಬೇರೆ ರೀತಿಯಲ್ಲೂ ರೂಪಿಸಬಹುದು. ನೆದರ್‌ಲ್ಯಾಂಡ್ಸ್‌ನಲ್ಲಿ ಪ್ರತಿ ಸಂಶೋಧನಾ ಘಟಕವನ್ನು ಆರು ವರ್ಷಗಳಿಗೊಮ್ಮೆ ಅದು ತಾನೇ ಹಾಕಿಕೊಂಡ ಗುರಿಗಳ ಹಿನ್ನೆಲೆಯಲ್ಲಿ ಪರಿಶೀಲಿಸುತ್ತಾರೆ. ರಾಷ್ಟ್ರೀಯ ಅನುದಾನ ಆ ಫಲಿತಾಂಶವನ್ನು ನೇರವಾಗಿ ಅವಲಂಬಿಸಿಲ್ಲ. ಬ್ರಿಟನ್ನಿನ 2021ರ ಸುತ್ತಿನಲ್ಲಿ, ದೀರ್ಘ ಶ್ರಮ ಬೇಡಿದ ಪುಸ್ತಕವೊಂದನ್ನು ಎರಡು ಕೃತಿಗಳಿಗೆ ಸಮವೆಂದು ಪರಿಗಣಿಸುವಂತೆ ಸಂಸ್ಥೆಯು ಕೋರಬಹುದಿತ್ತು. ತಮ್ಮ ಪುಸ್ತಕದಂಥ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡೇ ಆ ಅವಕಾಶವನ್ನು ಮಾಡಿದ್ದರು.